ದಿನದ ಅಡುಗೆ ಬೇಗ ಮುಗಿಸಲು: ಪದೇ ಪದೇ ಕೇಳುವ ಪ್ರಶ್ನೆಗಳು

ನೆಂಟರ ಮನೆಯಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ಸುತ್ತಿ ಸುತ್ತಿ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಹೊಸದಾಗಿ ಅಡುಗೆ ಶುರು ಮಾಡಿದವರು ಮೊದಲಿಂದ ಓದಿ. ಕೈ ಪಳಗಿದವರು ನೇರವಾಗಿ ಕೊನೆಯ ಭಾಗಕ್ಕೆ ಹೋಗಬಹುದು.

## ಶುರುವಿಗೆ

ಅಕ್ಕಾ, ಆರಕ್ಕೇ ಎದ್ರೂ ಎಂಟೂವರೆಗೆ ಅಡುಗೆ ಮುಗಿಯಲ್ಲ. ಟೈಮೆಲ್ಲ ಎಲ್ಲಿ ಹೋಗುತ್ತೆ?

ಅನ್ನ, ಬೇಳೆ, ಒಂದು ಪಲ್ಯ ಬೇಯಲು ಅರ್ಧ ಗಂಟೆ ಸಾಕು. ಉಳಿದ ಹೊತ್ತೆಲ್ಲ ಒಲೆಯ ಪಕ್ಕದಲ್ಲಿ ಹೋಗುತ್ತದೆ. ಏನು ಮಾಡಲಿ ಅಂತ ಫ್ರಿಜ್ ಬಾಗಿಲು ಹಿಡಿದು ನಿಲ್ಲುವುದು, ಬೀನ್ಸ್ ನಾರು ತೆಗೆಯುವುದು, ಕಾಯಿ ತುರಿಯುವುದು, ಹುಣಸೆಹಣ್ಣು ಕಿವುಚುವುದು, ನಡುವೆ ಮೂರು ಸಲ ಮಿಕ್ಸಿ ಜಾರ್ ತೊಳೆಯುವುದು. ಹೊಸ ಒಲೆ ತಂದರೂ, ದೊಡ್ಡ ಕುಕ್ಕರ್ ತಂದರೂ ಈ ಕೆಲಸ ಕಡಿಮೆ ಆಗುವುದಿಲ್ಲ.

ಆದ್ದರಿಂದ ಕೈಕೆಲಸವನ್ನು ಬೆಳಗಿನಿಂದ ಹೊರಗೆ ತಳ್ಳಿ. ರಾತ್ರಿ ಪಾತ್ರೆ ತೊಳೆದ ಮೇಲೆ ಹದಿನೈದು ನಿಮಿಷ ಕೊಟ್ಟರೆ ಸಾಕು: ನಾಳೆ ಏನು ಅಂತ ತೀರ್ಮಾನ, ತರಕಾರಿ ಹೆಚ್ಚುವುದು, ನೆನೆಸಬೇಕಾದದ್ದನ್ನು ನೆನೆಸುವುದು. ಬೆಳಿಗ್ಗೆ ಎದ್ದಾಗ ಯೋಚನೆ ಮಾಡುವ ಕೆಲಸ ಇರಬಾರದು. ಒಲೆ ಹಚ್ಚುವ ಕೆಲಸ ಮಾತ್ರ ಇರಬೇಕು.

ನಾಳೆ ಏನಡುಗೆ ಅನ್ನೋದೇ ದೊಡ್ಡ ತಲೆನೋವು. ವಾರಕ್ಕೆಲ್ಲ ಮೊದಲೇ ಬರೆದಿಡಬೇಕಾ?

ಬರೆದಿಡಿ, ಆದರೆ ಅಡುಗೆಯ ಹೆಸರು ಬರೆಯಬೇಡಿ. "ಬುಧವಾರ ಬೆಂಡೆಕಾಯಿ ಗೊಜ್ಜು" ಅಂತ ಬರೆದರೆ, ಅವತ್ತು ಮಾರ್ಕೆಟ್ಟಲ್ಲಿ ಬೆಂಡೆಕಾಯಿ ಬಲಿತಿದ್ದರೆ ಎಲ್ಲ ಕೆಟ್ಟಿತು. ದಿನಕ್ಕೊಂದು ಜಾತಿ ಇಟ್ಟುಕೊಳ್ಳಿ: ಸೋಮವಾರ ಸೊಪ್ಪು, ಮಂಗಳವಾರ ಕಾಳು, ಬುಧವಾರ ಬಾತು, ಗುರುವಾರ ತಿಳಿಸಾರು, ಶುಕ್ರವಾರ ಹುಳಿ. ಯಾವ ಸೊಪ್ಪು, ಯಾವ ಕಾಳು ಅನ್ನುವುದು ಮನೆಯಲ್ಲಿ ಏನಿದೆಯೋ ಅದರ ಮೇಲೆ. ಮಕ್ಕಳೂ ಬೇಗ ಒಗ್ಗಿಕೊಳ್ಳುತ್ತಾರೆ. "ಇವತ್ತೇನು?" ಅನ್ನುವ ಕೇಳಾಟವೂ ಅರ್ಧಕ್ಕೆ ಇಳಿಯುತ್ತದೆ.

ತಿಂಡಿ ಬೇರೆ, ಡಬ್ಬಿ ಬೇರೆ, ಮಧ್ಯಾಹ್ನದ ಊಟ ಬೇರೆ. ಮೂರೂ ಬೆಳಿಗ್ಗೆನೇ ಹೇಗೆ ಮಾಡೋದು?

ಮೂರು ಮಾಡಬೇಡಿ. ತಿಂಡಿಯೇ ಡಬ್ಬಿಗೂ ಹೋಗಲಿ. ವಾಂಗಿಬಾತು, ಪಲಾವು, ಪುಳಿಯೋಗರೆ, ಚಪಾತಿ ಪಲ್ಯ ಎಲ್ಲ ಎರಡಕ್ಕೂ ಆಗುತ್ತವೆ. ಇಡ್ಲಿ ಡಬ್ಬಿಗೆ ಹೋಗುತ್ತದೆ, ದೋಸೆ ಹೋಗುವುದಿಲ್ಲ. ತಣ್ಣಗಾದರೆ ಚಕ್ಕಳದ ಹಾಗಾಗುತ್ತದೆ. ಉಪ್ಪಿಟ್ಟೂ ಅಷ್ಟೇ, ಮಧ್ಯಾಹ್ನದ ಹೊತ್ತಿಗೆ ಗಟ್ಟಿಯಾಗುತ್ತದೆ. ಹಾಗಾಗಿ ದೋಸೆ, ಉಪ್ಪಿಟ್ಟನ್ನು ರಜೆ ದಿನಕ್ಕೆ ಬಿಡಿ. ಮನೆಯಲ್ಲಿ ಹಿರಿಯರಿದ್ದು ಮಧ್ಯಾಹ್ನ ಅನ್ನ ಸಾರು ಬೇಕು ಅಂದರೆ, ಬೆಳಿಗ್ಗೆ ಬಾತಿಗೆ ಇಡುವ ಕುಕ್ಕರಿನಲ್ಲೇ ಒಂದು ಬಟ್ಟಲು ಬೇಳೆ ಸೇರಿಸಿ ಇಡಿ. ಸಾರು ಆಮೇಲೆ ಹತ್ತು ನಿಮಿಷದ ಮಾತು.

ದಿಢೀರ್ ಅಂತ ನೆಂಟರು ಬಂದ್ರೆ ಹದಿನೈದು ನಿಮಿಷದಲ್ಲಿ ಏನು ಮಾಡಬಹುದು?

ಗಟ್ಟಿ ಅವಲಕ್ಕಿ ಮನೆಯಲ್ಲಿದ್ದರೆ ಒಗ್ಗರಣೆ ಅವಲಕ್ಕಿ. ಪೇಪರ್ ಅವಲಕ್ಕಿಯಾದರೆ ನೆನೆಸುವುದೂ ಬೇಡ. ಕಾಯಿತುರಿ, ಚಟ್ನಿಪುಡಿ, ಸ್ವಲ್ಪ ಬೆಲ್ಲ ಹಾಕಿ ಕಲಸಿ ಕೊಡಿ. ದಾವಣಗೆರೆ ಕಡೆಯವರಾದರೆ ಮಂಡಕ್ಕಿ ಒಗ್ಗರಣೆ ಹೇಳಿಕೊಡಬೇಕಾಗಿಲ್ಲ. ರವೆ ಹುರಿದು ಡಬ್ಬಿಯಲ್ಲಿ ಇಟ್ಟಿದ್ದರೆ ಉಪ್ಪಿಟ್ಟು ಹತ್ತು ನಿಮಿಷ. ತಿಂಗಳಿಗೆ ಬೇಕಾದ ರವೆಯನ್ನು ಒಂದೇ ಸಲ ಹುರಿದಿಡಿ, ಹುಳವೂ ಬೇಗ ಬೀಳುವುದಿಲ್ಲ.

## ಕುಕ್ಕರ್, ಬೇಳೆ, ಅನ್ನ

ಎಷ್ಟು ವಿಷಲ್ ಕೂಗಿಸಿದ್ರೂ ತೊಗರಿಬೇಳೆ ಬೇಯಲ್ಲ. ಕುಕ್ಕರ್ ಹಾಳಾಗಿದೆಯಾ?

ಮೊದಲು ನೀರು ನೋಡಿ. ಗಡಸು ನೀರಿನಲ್ಲಿರುವ ಸುಣ್ಣದ ಅಂಶ ಬೇಳೆಯನ್ನು ಮೆತ್ತಗಾಗಲು ಬಿಡುವುದಿಲ್ಲ. "ಬೋರ್ ನೀರಲ್ಲಿ ಬೇಳೆ ಬೇಯಲ್ಲ" ಅಂತ ನಮ್ಮ ಅಜ್ಜಿಯಂದಿರು ಹೇಳುತ್ತಿದ್ದದ್ದು ಸುಮ್ನೆ ಅಲ್ಲ. ಬೇಳೆ ಬೇಯಿಸುವುದಕ್ಕೆ ಮಾತ್ರ ಕುಡಿಯುವ ಫಿಲ್ಟರ್ ನೀರು ಹಾಕಿ ನೋಡಿ, ವ್ಯತ್ಯಾಸ ಅವತ್ತೇ ಗೊತ್ತಾಗುತ್ತದೆ.

ಎರಡನೆಯದು ಹುಳಿ. ಹುಣಸೆರಸ, ಟೊಮೆಟೊ ಹಾಕಿ ಬೇಳೆ ಬೇಯಿಸಿದರೆ ಹೊತ್ತು ಜಾಸ್ತಿ ಹಿಡಿಯುತ್ತದೆ. ಬೇಳೆ ಪೂರ್ತಿ ಬೆಂದ ಮೇಲೇ ಹುಳಿ ಹಾಕಿ. ಮೂರನೆಯದು ಹಳೇ ಬೇಳೆ. ವರ್ಷ ಕಳೆದ ಬೇಳೆಯನ್ನು ಅರ್ಧ ಗಂಟೆ ನೆನೆಸದೆ ಇಡಲೇಬೇಡಿ. ಇವೆಲ್ಲ ಸರಿಯಿದ್ದೂ ಬೇಯದಿದ್ದರೆ ಆಗ ಗ್ಯಾಸ್ಕೆಟ್ ಬದಲಿಸಿ.

ನಮ್ಮಮ್ಮ ಮೂರು ಕೂಗು ಅಂತಾರೆ, ಅತ್ತೆ ಐದು ಅಂತಾರೆ. ಯಾವುದು ಸರಿ?

ಇಬ್ಬರೂ ಅವರವರ ಕುಕ್ಕರಿಗೆ ಸರಿ. ಉರಿ ಜೋರಿದ್ದರೆ ಕೂಗು ಬೇಗ ಬೇಗ ಬರುತ್ತದೆ, ಸಣ್ಣದಿದ್ದರೆ ತಡ. ಮೂರು ಲೀಟರಿನ ಕುಕ್ಕರ್ ಕೂಗಿದಷ್ಟು ಬೇಗ ಏಳು ಲೀಟರಿನದು ಕೂಗುವುದಿಲ್ಲ. ಹಾಗಾಗಿ ಕೂಗು ಎಣಿಸುವುದನ್ನು ಬಿಟ್ಟು ಗಡಿಯಾರ ನೋಡಿ. ಮೊದಲ ಕೂಗು ಬಂದ ಕೂಡಲೇ ಉರಿ ಸಣ್ಣ ಮಾಡಿ. ಅಲ್ಲಿಂದ ಅನ್ನಕ್ಕೆ ಐದು ನಿಮಿಷ, ನೆನೆದ ತೊಗರಿಬೇಳೆಗೆ ಎಂಟರಿಂದ ಹತ್ತು. ಆಮೇಲೆ ಒಲೆ ಆರಿಸಿ, ಒತ್ತಡ ತಾನಾಗಿ ಇಳಿಯಲು ಬಿಡಿ. ಆ ಹತ್ತು ನಿಮಿಷದಲ್ಲೂ ಒಳಗೆ ಬೇಯುತ್ತಲೇ ಇರುತ್ತದೆ, ಗ್ಯಾಸ್ ಖರ್ಚಿಲ್ಲ.

ಕುಕ್ಕರಿನ ಒಳಗೆ ನೀರು ಸುಮಾರು 120 ಡಿಗ್ರಿವರೆಗೆ ಕಾಯುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ, ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಮ್ಮಿ. ಮಂಗಳೂರಿನಿಂದ ಮದುವೆಯಾಗಿ ಬಂದವರು "ಇಲ್ಲಿ ಪಾತ್ರೇಲಿ ಇಟ್ಟರೆ ಬೇಯೋದೇ ಇಲ್ಲ" ಅನ್ನುವುದಕ್ಕೆ ಇದೂ ಒಂದು ಕಾರಣ.

ಒಂದೇ ಕುಕ್ಕರಲ್ಲಿ ಅನ್ನ, ಬೇಳೆ, ತರಕಾರಿ ಮೂರನ್ನೂ ಇಟ್ರೆ ತರಕಾರಿ ಪಾಯಸ ಆಗಿಬಿಡುತ್ತೆ.

ತರಕಾರಿಯನ್ನು ದೊಡ್ಡ ಹೋಳು ಮಾಡಿ, ನೀರು ಹಾಕದೆ, ಮೇಲಿನ ಡಬ್ಬಿಯಲ್ಲಿ ಮುಚ್ಚಳ ಮುಚ್ಚಿ ಇಡಿ. ಬೇಳೆ ತಳದಲ್ಲಿರಲಿ, ಅನ್ನ ನಡುವೆ. ಆಲೂಗಡ್ಡೆ, ಬೀಟ್ರೂಟ್, ಸುವರ್ಣಗೆಡ್ಡೆ, ನವಿಲುಕೋಸು ಇದಕ್ಕೆ ಹೊಂದುತ್ತವೆ. ಸೋರೆಕಾಯಿ, ಸೀಮೆಬದನೆ, ಬೂದುಗುಂಬಳ ಹೊಂದುವುದಿಲ್ಲ. ಅವು ಹೊರಗೆ ಏಳೆಂಟು ನಿಮಿಷಕ್ಕೇ ಬೇಯುತ್ತವೆ, ಕುಕ್ಕರಿಗೆ ಹಾಕುವ ಅವಶ್ಯಕತೆಯೇ ಇಲ್ಲ.

ರಾತ್ರಿ ಕಾಳು ನೆನೆಸೋದು ಮರೆತುಹೋಯ್ತು. ಏನಾದ್ರೂ ದಾರಿ ಇದೆಯಾ?

ಕುದಿಯುವ ನೀರು ಸುರಿದು ಮುಚ್ಚಿಡಿ. ಹೆಸರುಕಾಳು, ಅಲಸಂದೆಗೆ ಒಂದು ಗಂಟೆ ಸಾಕು. ಕಡಲೆಕಾಳಿಗೆ ಎರಡು ಗಂಟೆಯಾದರೂ ಬೇಕು. ರಾಜ್ಮಾ ಇದಕ್ಕೆ ಒಗ್ಗುವುದಿಲ್ಲ. ಅದನ್ನು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಪೂರ್ತಿ ಮೆತ್ತಗೆ ಬೇಯಿಸಬೇಕು. ಅರೆಬೆಂದ ರಾಜ್ಮಾ ಹೊಟ್ಟೆ ಕೆಡಿಸುತ್ತದೆ.

## ಕಾಯಿ, ಪುಡಿ, ಹಿಟ್ಟು

ಕಾಯಿ ತುರಿಯೋದೇ ಬೇಜಾರು. ತುರಿದು ಇಟ್ಟರೆ ರುಚಿ ಹೋಗಲ್ವಾ?

ಫ್ರಿಜ್‌ನಲ್ಲಿ ನಾಲ್ಕು ದಿನ ಕಳೆದರೆ ಹೋಗುತ್ತದೆ. ಫ್ರೀಜರಿನಲ್ಲಿ ಇಟ್ಟರೆ ತಿಂಗಳು ಕಳೆದರೂ ಹುಳಿಗೆ, ಪಲ್ಯಕ್ಕೆ ಧಾರಾಳವಾಗಿ ಹಾಕಬಹುದು. ಭಾನುವಾರ ನಾಲ್ಕು ಕಾಯಿ ಒಟ್ಟಿಗೆ ಒಡೆದು ತುರಿಯಿರಿ. ಕರಟದ ಹತ್ತಿರದ ಕಂದು ಭಾಗ ಬೇಡ, ಬಿಳಿಯದಷ್ಟೇ ಸಾಕು. ಕವರಿಗೆ ತುಂಬಿ, ಕೈಯಲ್ಲಿ ಒತ್ತಿ ಚಪ್ಪಟೆ ಮಾಡಿ, ಮಲಗಿಸಿ ಇಡಿ. ಉಂಡೆಯಾಗಿ ಇಟ್ಟರೆ ಬೆಳಿಗ್ಗೆ ಕಲ್ಲು ಒಡೆಯುವ ಕೆಲಸ. ಚಪ್ಪಟೆಯಾಗಿದ್ದರೆ ಬೇಕಾದಷ್ಟು ತುಂಡು ಮುರಿದುಕೊಳ್ಳಬಹುದು.

ಒಂದು ಎಚ್ಚರಿಕೆ. ಫ್ರೀಜರಿನಿಂದ ತೆಗೆದ ಕಾಯಿಯನ್ನು ತಣ್ಣೀರು ಹಾಕಿ ನೇರವಾಗಿ ಮಿಕ್ಸಿಗೆ ಹಾಕಬೇಡಿ. ತೆಂಗಿನೆಣ್ಣೆ 24 ಡಿಗ್ರಿಗಿಂತ ತಂಪಾದರೆ ಗಟ್ಟಿಯಾಗುತ್ತದೆ. ರುಬ್ಬುವಾಗ ಜಿಡ್ಡೆಲ್ಲ ಬೇರೆಯಾಗಿ ಬೆಣ್ಣೆಯಂತೆ ಮೇಲೆ ಬರುತ್ತದೆ, ಚಟ್ನಿ ಕೆಡುತ್ತದೆ. ಉಗುರುಬೆಚ್ಚಗಿನ ನೀರು ಹಾಕಿ ಐದು ನಿಮಿಷ ಬಿಟ್ಟು ರುಬ್ಬಿ.

ಸಾರಿನ ಪುಡಿ ಮನೆಯಲ್ಲೇ ಮಾಡ್ಬೇಕಾ, ಅಂಗಡೀದು ಸಾಕಾ?

ಅಂಗಡಿಯದು ತಂದರೆ ಯಾರೂ ಜೈಲಿಗೆ ಹಾಕುವುದಿಲ್ಲ. ಆದರೆ ನನ್ನನ್ನು ಕೇಳಿದರೆ, ವರ್ಷದಲ್ಲಿ ಮೂರು ನಾಲ್ಕು ಮಧ್ಯಾಹ್ನ ಇದಕ್ಕೆ ಕೊಡುವುದು ಒಳ್ಳೆಯದು. ಪುಡಿ ಚೆನ್ನಾಗಿದ್ದರೆ ಬರೀ ಟೊಮೆಟೊ ಸಾರೂ ಊಟ ಆಗುತ್ತದೆ. ಪುಡಿ ಸಪ್ಪೆಯಾದರೆ ಮೇಲೆ ಇನ್ನೆರಡು ಐಟಂ ಮಾಡಬೇಕಾಗುತ್ತದೆ. ಉಳಿತಾಯ ಅಲ್ಲಿದೆ.

ಕೊತ್ತಂಬರಿ ಬೀಜ, ಬ್ಯಾಡಗಿ ಮೆಣಸಿನಕಾಯಿ, ಜೀರಿಗೆ, ಮೆಂತ್ಯ, ಮೆಣಸು, ಸಾಸಿವೆ, ಕರಿಬೇವು ಒಂದೊಂದನ್ನೂ ಬೇರೆ ಬೇರೆ ಹುರಿಯಿರಿ. ಒಟ್ಟಿಗೆ ಹಾಕಿದರೆ ಕೊತ್ತಂಬರಿ ಹುರಿಯುವಷ್ಟರಲ್ಲಿ ಮೆಂತ್ಯ ಸೀದು ಕಹಿಯಾಗುತ್ತದೆ. ಪೂರ್ತಿ ಆರಿದ ಮೇಲೇ ಪುಡಿ ಮಾಡಿ. ಒಂದು ತಿಂಗಳದ್ದು ಹೊರಗೆ, ಉಳಿದದ್ದು ಫ್ರೀಜರಿಗೆ. ಅಂಗಡಿ ಪುಡಿಯೇ ಹಾಕುವವರು ಕೊನೆಯಲ್ಲಿ ಒಂದು ಚಿಟಿಕೆ ಜೀರಿಗೆ, ನಾಲ್ಕು ಕಾಳು ಮೆಂತ್ಯ ಹುರಿದು ಕುಟ್ಟಿ ಸೇರಿಸಿ. ಮನೆಯ ಘಮ ಬರುತ್ತದೆ.

ವಾರಕ್ಕೊಂದೇ ಸಲ ಹಿಟ್ಟು ರುಬ್ಬಿದ್ರೆ ಇಡ್ಲಿ, ದೋಸೆ ಎರಡೂ ಆಗುತ್ತಾ?

ಆಗುತ್ತದೆ. ಮೂರು ಲೋಟ ಅಕ್ಕಿಗೆ ಒಂದು ಲೋಟ ಉದ್ದಿನಬೇಳೆ, ಒಂದು ಚಮಚ ಮೆಂತ್ಯ, ಒಂದು ಹಿಡಿ ಅವಲಕ್ಕಿ. ಅಕ್ಕಿಯನ್ನು ಸಣ್ಣ ರವೆಯಷ್ಟು ತರಿಯಾಗಿ ರುಬ್ಬಿ. ಹುದುಗಿದ ಮೊದಲ ದಿನ ಕಲಕದೆ ಇಡ್ಲಿ ಹೊಯ್ಯಿರಿ. ಉಳಿದದ್ದು ಫ್ರಿಜ್‌ಗೆ. ಎರಡನೇ ದಿನ ಸ್ವಲ್ಪ ನೀರು ಸೇರಿಸಿ ದೋಸೆ. ಮೂರನೇ ದಿನ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಹಾಕಿ ಪಡ್ಡು. ಹುಳಿ ಬಂದಷ್ಟೂ ಪಡ್ಡು ರುಚಿ ಅನ್ನುವವರ ಗುಂಪಿಗೆ ನಾನೂ ಸೇರಿದವಳು.

ಚಳಿಗಾಲದಲ್ಲಿ ಹಿಟ್ಟು ಉಬ್ಬದಿದ್ದರೆ ಉಪ್ಪನ್ನು ಹುದುಗಿದ ಮೇಲೆ ಹಾಕಿ. ಉಪ್ಪು ಹುದುಗುವುದನ್ನು ನಿಧಾನ ಮಾಡುತ್ತದೆ. ಅದೇ ಕಾರಣಕ್ಕೆ ಬೇಸಿಗೆಯಲ್ಲಿ ಮೊದಲೇ ಹಾಕಬೇಕು. ಹುದುಗಿಸುವ ಗೋಜೇ ಬೇಡ ಅಂದರೆ ನೀರುದೋಸೆ ಇದೆ. ರಾತ್ರಿ ಅಕ್ಕಿ ನೆನೆಸಿ, ಬೆಳಿಗ್ಗೆ ಕಾಯಿ ಹಾಕಿ ನುಣ್ಣಗೆ ರುಬ್ಬಿ ಹೊಯ್ದರಾಯಿತು. ಕರಾವಳಿಯವರು ಇದಕ್ಕೆ ಗಡಿಯಾರ ನೋಡುವುದಿಲ್ಲ.

ಬೆಳ್ಳುಳ್ಳಿ ಶುಂಠಿ ಪೇಸ್ಟ್ ಎಣ್ಣೆ ಹಾಕಿ ತಿಂಗಳಿಗೆ ಮಾಡಿಟ್ಟುಕೊಳ್ಳಬಹುದಾ?

ಹೊರಗಂತೂ ಇಡಲೇಬೇಡಿ. ಎಣ್ಣೆಯೊಳಗೆ ಮುಳುಗಿದ ಹಸಿ ಬೆಳ್ಳುಳ್ಳಿಗೆ ಗಾಳಿ ತಾಗುವುದಿಲ್ಲ. ಅಲ್ಲಿ ಬಾಟುಲಿಸಂ ಅನ್ನುವ, ಜೀವಕ್ಕೇ ಅಪಾಯವಾಗುವ ವಿಷಾಹಾರದ ಕಾಯಿಲೆ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು. ವಾಸನೆ, ಬಣ್ಣ ಏನೂ ಬದಲಾಗದೆಯೂ ವಿಷ ಆಗಿರಬಹುದು. ಫ್ರಿಜ್‌ನಲ್ಲಿ ನಾಲ್ಕು ದಿನ. ಅದಕ್ಕಿಂತ ಜಾಸ್ತಿ ಬೇಕಿದ್ದರೆ ಐಸ್ ಟ್ರೇಗೆ ಹಾಕಿ ಫ್ರೀಜರಿನಲ್ಲಿ ಇಡಿ. ಹುಣಸೆಹಣ್ಣಿನ ತಿರುಳನ್ನೂ ಹೀಗೇ ಮಾಡಿಟ್ಟುಕೊಂಡರೆ ದಿನಾ ಕಿವುಚುವುದು ತಪ್ಪುತ್ತದೆ.

## ನಮ್ಮ ಕಡೆಯ ಹಳೇ ಉಪಾಯಗಳು

ಸಾರು ಒಂದು, ಪಲ್ಯ ಒಂದು ಅಂದ್ರೆ ಎರಡು ಸಲ ಬೇಯಿಸ್ಬೇಕಲ್ವಾ?

ಮಂಡ್ಯ, ಮೈಸೂರು ಕಡೆಯವರನ್ನು ಕೇಳಿ. ಬಸ್ಸಾರು ಅಂದರೆ ಅದೇ ಅಲ್ವಾ? ಬೇಳೆ ಮುಕ್ಕಾಲು ಬೆಂದ ಮೇಲೆ ಸೊಪ್ಪು ಹಾಕಿ ಬೇಯಿಸಿ, ನೀರು ಬಸಿಯುತ್ತಾರೆ. ಬಸಿದ ಕಟ್ಟಿಗೆ ಹುರಿದು ರುಬ್ಬಿದ ಖಾರ ಹಾಕಿ ಕುದಿಸಿದರೆ ಸಾರು. ಉಳಿದ ಸೊಪ್ಪು ಬೇಳೆಗೆ ಬೆಳ್ಳುಳ್ಳಿ ಒಗ್ಗರಣೆ, ಕಾಯಿತುರಿ ಹಾಕಿದರೆ ಪಲ್ಯ. ಒಂದೇ ಪಾತ್ರೆ, ಒಂದೇ ಉರಿ, ಎರಡು ಅಡುಗೆ.

ಉಪ್ಸಾರು ಇನ್ನೂ ಬೇಗ. ಕಟ್ಟಿಗೆ ಮಸಾಲೆಯೂ ಬೇಡ, ಉಪ್ಪು ಸಾಕು. ಹಸಿಮೆಣಸಿನಕಾಯಿ ಸುಟ್ಟು, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆ, ಉಪ್ಪು ಹಾಕಿ ಅರೆದ ಖಾರ ತಟ್ಟೆಯ ಅಂಚಿಗೆ. ಖಾರ ಬೇಡದ ಮಕ್ಕಳಿಗೆ ಬೇರೆ ಅಡುಗೆ ಮಾಡುವ ತಾಪತ್ರಯವೂ ಇಲ್ಲ, ಯಾರಿಗೆ ಎಷ್ಟು ಬೇಕೋ ಅಷ್ಟು ಕಲಸಿಕೊಳ್ಳುತ್ತಾರೆ. ಈ ಖಾರ ಫ್ರಿಜ್‌ನಲ್ಲಿ ಮೂರು ದಿನ ಇರುತ್ತದೆ. ಹಾಗಾಗಿ ಎರಡನೇ ದಿನದ ಉಪ್ಸಾರಿಗೆ ಅರೆಯುವ ಕೆಲಸವೂ ಇಲ್ಲ.

ಮುದ್ದೆ ಮಾಡೋಕೆ ಟೈಮ್ ಜಾಸ್ತಿ ಬೇಕು ಅಂತ ಬಿಟ್ಟುಬಿಟ್ಟಿದ್ದೀವಿ.

ಚಪಾತಿಗಿಂತ ಬೇಗ ಆಗುತ್ತದೆ. ನಾಲ್ಕು ಜನಕ್ಕೆ ಚಪಾತಿ ಅಂದರೆ ಕಲಸಿ, ನೆನೆಸಿ, ಲಟ್ಟಿಸಿ, ಒಂದೊಂದೇ ಬೇಯಿಸಬೇಕು. ಮುದ್ದೆಗೆ ಇಪ್ಪತ್ತು ನಿಮಿಷ. ಒಂದು ಲೋಟ ರಾಗಿಹಿಟ್ಟಿಗೆ ಎರಡು ಲೋಟ ನೀರು. ನೀರಿಗೆ ಒಂದು ಚಮಚ ಹಿಟ್ಟು ಕದಡಿ ಕುದಿಸಿ. ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕಲಕದೆ, ಸಣ್ಣ ಉರಿಯಲ್ಲಿ ಐದಾರು ನಿಮಿಷ ಬೇಯಲು ಬಿಡಿ. ಆಮೇಲೆ ಕೋಲಿನಿಂದ ಜೋರಾಗಿ ತೊಳಸಿ. ಗಂಟಾಗುವುದು ಹಿಟ್ಟು ಬೇಯುವ ಮೊದಲೇ ಕೋಲು ಆಡಿಸುವವರಿಗೆ.

ಅಕ್ಕಾರ, ದಿನಾ ರೊಟ್ಟಿ ಬಡಿಯಾಕ ಆಗೂದಿಲ್ರಿ. ಏನ್ ಮಾಡೂದು?

ಕಟಕ ರೊಟ್ಟಿ ಇರುವುದೇ ಅದಕ್ಕೆ. ತೆಳ್ಳಗೆ ಬಡಿದು, ಬೇಯಿಸಿ, ಪೂರ್ತಿ ಒಣಗಿಸಿದ ಜೋಳದ ರೊಟ್ಟಿ ತೇವ ತಾಗದಿದ್ದರೆ ವಾರಗಟ್ಟಲೆ ಇರುತ್ತದೆ. ಉತ್ತರ ಕರ್ನಾಟಕದ ಬಹಳ ಊರುಗಳಲ್ಲಿ ಹೆಣ್ಣುಮಕ್ಕಳು ಮನೆಯಲ್ಲೇ ಮಾಡಿ ಮಾರುತ್ತಾರೆ, ಅವರಿಂದ ಕೊಂಡರೂ ಆಯಿತು. ಜೊತೆಗೆ ಶೇಂಗಾ, ಅಗಸಿ, ಗುರೆಳ್ಳು ಚಟ್ನಿಪುಡಿಯಲ್ಲಿ ಎರಡಾದರೂ ಮನೆಯಲ್ಲಿರಲಿ. ಗಟ್ಟಿ ಮೊಸರು, ಹಸಿ ಈರುಳ್ಳಿ, ಒಂದು ಮೊಳಕೆಕಾಳಿನ ಪಲ್ಯ. ಒಲೆ ಮೇಲಿನ ಕೆಲಸ ಪಲ್ಯ ಒಂದೇ. ಬಿಸಿ ರೊಟ್ಟಿ ಭಾನುವಾರಕ್ಕೆ ಇರಲಿ.

ಒಲೆ ಹಚ್ಚದೆ ಮಾಡೋ ಅಡುಗೆ ಏನಿದೆ?

ಮಲೆನಾಡಿನವರಿಗೆ ತಂಬುಳಿ ಗೊತ್ತು. ಒಂದೆಲಗದ ಎಲೆ, ಕಾಯಿ, ಜೀರಿಗೆ, ಒಂದು ಹಸಿಮೆಣಸಿನಕಾಯಿ ರುಬ್ಬಿ ಮಜ್ಜಿಗೆ ಸೇರಿಸಿದರೆ ಮುಗಿಯಿತು. ಹೆಸರುಬೇಳೆ ಒಂದು ಗಂಟೆ ನೆನೆದರೆ ಕೋಸಂಬರಿ. ಸೌತೆಕಾಯಿ ಹಸಿ, ಟೊಮೆಟೊ ಮೊಸರುಬಜ್ಜಿ ಇವೆಲ್ಲ ಬೇಸಿಗೆಯ ರಾತ್ರಿಗಳಿಗೆ ಹೇಳಿ ಮಾಡಿಸಿದವು.

## ಕೈ ಪಳಗಿದವರಿಗೆ

ನಮ್ಮತ್ತೆ ಫ್ರಿಜ್‌ನಲ್ಲಿಟ್ಟ ಅಡುಗೆ ಮುಟ್ಟಲ್ಲ, ತಂಗಳು ಅಂತಾರೆ. ಹೇಗೆ ನಿಭಾಯಿಸಲಿ?

ಅವರ ಮಾತಿನಲ್ಲಿ ಅರ್ಧ ನ್ಯಾಯ ಇದೆ. ಅನ್ನವನ್ನೇ ತೆಗೆದುಕೊಳ್ಳಿ. ಬೆಂದ ಅನ್ನದಲ್ಲೂ ಬದುಕಿ ಉಳಿಯುವ ಬ್ಯಾಕ್ಟೀರಿಯಾ ಬೀಜಗಳಿವೆ. ಅನ್ನ ಹೊರಗೆ ತುಂಬಾ ಹೊತ್ತು ಇದ್ದರೆ ಅವು ಬೆಳೆದು ವಿಷ ಬಿಡುತ್ತವೆ, ಆಮೇಲೆ ಬಿಸಿ ಮಾಡಿದರೂ ಅದು ಹೋಗುವುದಿಲ್ಲ. ಉಳಿದ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್‌ಗೆ ಇಡಿ. ಮಾರನೇ ದಿನವೇ ಚಿತ್ರಾನ್ನಕ್ಕೆ ಮುಗಿಸಿ.

ಅತ್ತೆಯವರ ವಿಷಯಕ್ಕೆ ಬಂದರೆ, ಅಡುಗೆಯನ್ನು ಮಾಡಿ ಇಡಬೇಡಿ, ಅಡುಗೆಗೆ ಬೇಕಾದದ್ದನ್ನು ಮಾಡಿ ಇಡಿ. ಬಿಡಿಸಿದ ಸೊಪ್ಪು, ತುರಿದ ಕಾಯಿ, ಹುರಿದ ಪುಡಿ, ಹೆಚ್ಚಿದ ಬೀನ್ಸ್ ಯಾವುದೂ ತಂಗಳಲ್ಲ. ಬೇಯಿಸುವುದು, ಒಗ್ಗರಣೆ ಹಾಕುವುದು ಅವತ್ತವತ್ತೇ ಆಗಲಿ. ಹೀಗೆ ಮಾಡಿದ ಮನೆಗಳಲ್ಲಿ ಜಗಳ ಇಲ್ಲದೆ ಅರ್ಧ ಗಂಟೆ ಉಳಿದಿದೆ. ಮಾಡಿಟ್ಟರೆ ನಿಜಕ್ಕೂ ಕೆಡುವ ಅಡುಗೆಯೂ ಇದೆ. ಮಜ್ಜಿಗೆಹುಳಿಯನ್ನು ಮತ್ತೆ ಕುದಿಸಿದರೆ ಒಡೆಯುತ್ತದೆ.

ಹೆಚ್ಚಿಟ್ಟ ತರಕಾರಿ ಎರಡೇ ದಿನಕ್ಕೆ ಲೊಳೆಯಾಗುತ್ತೆ.

ತೊಳೆದು ಒದ್ದೆಯಾಗಿಯೇ ಮುಚ್ಚಿಟ್ಟಿರುತ್ತೀರಿ. ಡಬ್ಬಿಯ ತಳಕ್ಕೆ ಒಣ ಬಟ್ಟೆ ಹಾಕಿ, ತರಕಾರಿಯ ನೀರು ಪೂರ್ತಿ ಆರಿದ ಮೇಲೆ ಮುಚ್ಚಿ. ಬೀನ್ಸ್, ಕ್ಯಾರೆಟ್, ಎಲೆಕೋಸು ಮೂರು ದಿನ ಇರುತ್ತವೆ. ಬದನೆಕಾಯಿ, ಆಲೂಗಡ್ಡೆ, ಬಾಳೆಕಾಯಿ ಕಪ್ಪಾಗುತ್ತವೆ, ಅವನ್ನು ಆಗಲೇ ಹೆಚ್ಚಿ. ಸೊಪ್ಪನ್ನು ಬಿಡಿಸಿ, ತೊಳೆಯದೆ, ಬಟ್ಟೆಯಲ್ಲಿ ಸುತ್ತಿಡಿ. ಬಿಡಿಸುವ ಕೆಲಸ ಟಿವಿ ಮುಂದೆ ಕೂತವರಿಗೆ ಕೊಡಿ. ಗಂಡಸರ ಕೈಗೂ ಮೆಂತ್ಯಸೊಪ್ಪು ಚೆನ್ನಾಗಿ ಒಗ್ಗುತ್ತದೆ.

ಅವರೆಕಾಯಿ ಸೀಸನ್ನಲ್ಲಿ ಸುಲಿಯೋದೇ ಆಗುತ್ತೆ, ಬೇರೇನೂ ಆಗಲ್ಲ!

ಡಿಸೆಂಬರ್, ಜನವರಿಯ ಈ ಕಷ್ಟಕ್ಕೆ ಪೂರ್ತಿ ಪರಿಹಾರ ಇಲ್ಲ, ಬೇಕೂ ಇಲ್ಲ. ಎಲ್ಲರೂ ಕೂತು ಸುಲಿಯುವುದೇ ಅದರ ಖುಷಿ. ಆದರೆ ಒಂದೇ ಸಲ ಜಾಸ್ತಿ ತಂದು ಸುಲಿದು, ಕಾಳನ್ನು ಕುದಿಯುವ ನೀರಿನಲ್ಲಿ ಎರಡು ನಿಮಿಷ ಹಾಕಿ, ತಣ್ಣೀರಿಗೆ ತೆಗೆದು, ನೀರು ಆರಿಸಿ ಫ್ರೀಜರಿಗೆ ಇಟ್ಟರೆ ಯುಗಾದಿಗೂ ಉಪ್ಪಿಟ್ಟಿಗೆ ಹಾಕಬಹುದು. ಹಿತಕಿದ ಬೇಳೆ ಬೇಕಿದ್ದರೆ ಬೆಂಗಳೂರಿನ ಮಾರ್ಕೆಟ್‌ಗಳಲ್ಲಿ ಹಿತುಕಿದ್ದೇ ಸಿಗುತ್ತದೆ. ದುಡ್ಡು ಜಾಸ್ತಿಯಾದರೂ ಅದು ಕೊಡಬೇಕಾದ ದುಡ್ಡು.

ನಾವು ಅಮೆರಿಕದಲ್ಲಿದ್ದೀವಿ. ಇಲ್ಲಿನ ಚಳೀಲಿ ಹಿಟ್ಟು ಉಬ್ಬಲ್ಲ, ಅವರೆಕಾಳೂ ಸಿಗಲ್ಲ.

ಹಿಟ್ಟಿನ ಪಾತ್ರೆಯನ್ನು ಒವನ್ನಿನೊಳಗೆ ಇಟ್ಟು, ಒವನ್ ಆನ್ ಮಾಡದೆ ಬರೀ ಅದರ ದೀಪ ಹಾಕಿ. ಆ ಬಿಸಿ ಸಾಕು. ಇನ್‌ಸ್ಟಂಟ್ ಪಾಟ್ ಅನ್ನುವ ಕರೆಂಟ್ ಕುಕ್ಕರ್ ಇದ್ದರೆ ಮೊಸರಿನ ಬಟನ್ ಒತ್ತಿ, ಗಾಜಿನ ಮುಚ್ಚಳ ಮುಚ್ಚಿ. ಅದರಲ್ಲೂ ಕುಕ್ಕರಿನ ಹಾಗೆ ಡಬ್ಬಿ ಮೇಲೆ ಡಬ್ಬಿ ಇಟ್ಟು ಅನ್ನ, ಬೇಳೆ ಒಟ್ಟಿಗೆ ಮಾಡಬಹುದು. ಅವರೆಕಾಳಿಗೆ ಇಂಡಿಯನ್ ಸ್ಟೋರಿನ ಫ್ರೀಜರಿನಲ್ಲಿ "ಸುರ್ತಿ ಪಾಪಡಿ ಲಿಲ್ವಾ" ಅನ್ನುವ ಪ್ಯಾಕೆಟ್ ಹುಡುಕಿ. ಗುಜರಾತಿಗಳು ತಿನ್ನುವ ಅವರೆ ಅದು, ಸೊಗಡು ಸ್ವಲ್ಪ ಕಮ್ಮಿ. ಪಕ್ಕದಲ್ಲೇ ಇರುವ "ತುವರ್ ಲಿಲ್ವಾ" ಹಸಿ ತೊಗರಿಕಾಳು, ಗಡಿಬಿಡಿಯಲ್ಲಿ ಅದನ್ನು ಎತ್ತಿಕೊಳ್ಳಬೇಡಿ.

ಹಬ್ಬದ ದಿನ ಒಬ್ಬಟ್ಟಿನ ಊಟ ಹನ್ನೆರಡಕ್ಕೆ ಮುಗಿಸ್ಬೇಕು, ಒಬ್ಬಳೇ ಇದ್ದೀನಿ.

ಹೂರಣ ಹಿಂದಿನ ದಿನವೇ ಆಗಲಿ. ಬೇಳೆ ಬೇಯಿಸಿದ ಕಟ್ಟನ್ನು ಬಸಿದು ಫ್ರಿಜ್‌ಗೆ ಇಡಿ, ಅದೇ ಮಾರನೇ ದಿನದ ಒಬ್ಬಟ್ಟಿನ ಸಾರು. ಸಾರಿಗೆ ಬೇಕಾದ ಒಂದು ಹಿಡಿ ಹೂರಣವನ್ನೂ ಬೇರೆ ತೆಗೆದಿಡಿ. ಮಡಿಯಲ್ಲೇ ಆಗಬೇಕು ಅನ್ನುವ ಮನೆಯಾದರೆ ಬೇಳೆ ಆರಿಸುವುದು, ಬೆಲ್ಲ ಕುಟ್ಟುವುದು, ಏಲಕ್ಕಿ ಪುಡಿ ಇಷ್ಟನ್ನಾದರೂ ಮೊದಲೇ ಮಾಡಬಹುದು.

ಬೆಳಿಗ್ಗೆ ಎದ್ದ ಕೂಡಲೇ ಮೊದಲ ಕೆಲಸ ಕಣಕ ಕಲಸುವುದು. ಎಣ್ಣೆಯಲ್ಲಿ ಎರಡು ಗಂಟೆ ನೆನೆದರೆ ಒಬ್ಬಟ್ಟು ಹರಿಯುವುದಿಲ್ಲ, ತಟ್ಟುವಾಗ ಕೈ ಓಡುತ್ತದೆ. ಅಷ್ಟರಲ್ಲಿ ಕೋಸಂಬರಿಗೆ ಬೇಳೆ ನೆನೆಸಿ, ಪಲ್ಯ, ಸಾರು ಮುಗಿಸಿ. ಅನ್ನ ಕೊನೆಗೆ. ಒಬ್ಬಟ್ಟು ತಟ್ಟಲು ಕೂರುವ ಹೊತ್ತಿಗೆ ಎರಡನೇ ಒಲೆಯ ಮೇಲೆ ಕುಕ್ಕರ್ ಮಾತ್ರ ಇರಬೇಕು. ಕೋಸಂಬರಿಗೆ ಉಪ್ಪನ್ನು ಬಡಿಸುವ ಹೊತ್ತಿಗೆ ಹಾಕಿ, ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಡುತ್ತದೆ.